ಮಂಜರಪಾಟಿನ ಬೊಂಬಾಯಿ

1938 ಡಿಸೆಂಬರ್ 6

ಹಂಸಗಳು ಸತ್ತವು. ಬೆಳಿಗ್ಗೆ ಭಾಯಿ ಸ್ಟುಡಿಯೋದಲ್ಲಿ ಫೋಟೋಕ್ಕೆ ಹಿನ್ನೆಲೆಯಾಗಿ ಕಟ್ಟುವ ಚಿತ್ರದ ಪರದೆ ಬಿಚ್ಚಿ ನೋಡಿದರೆ ಗೆದ್ದಲು ಕೊಳ ತಿಂದು, ಕಮಲ ತಿಂದು, ಹಂಸದ ಕುತ್ತಿಗೆಗೆ ಬಾಯಿ ಹಾಕಿತ್ತು. ಅಪ್ಪನ ಕಾಲದ ಪರದೆ. ಹಬೀಬ್ ಭಾಯಿ ತಲೆ ಮೇಲೆ ಕೈ ಹೊತ್ತು ಕೂತ. ಕಾಫಿ ಕುಯ್ಲು ಮುಗಿಯುತ್ತ ಬಂದ ಹಾಗೆ ಮೂಡಿಗೆರೆಗೆ ಜನ ಬರುತ್ತಾರೆ, ಫೋಟೋ ತೆಗೆಸುವ ಕಾಲವೇ ಇದು. ಬರೀ ಗೋಡೆಯ ಮುಂದೆ ನಿಲ್ಲಿಸಿದರೆ ಪೊಲೀಸರು ಹಿಡಿದು ತಂದವರ ಹಾಗೆ ಕಾಣುತ್ತಾರೆ.

ಹೊಸ ಪರದೆ ನಾನು ಬರೆದುಕೊಡುತ್ತೇನೆ ಅಂದೆ. ಅಮ್ಮಿ ನಕ್ಕಳು. ಭಾಯಿ ನಗಲಿಲ್ಲ. ಫೋಟೋ ಮೂಡುವ ಗಾಜಿನ ಪ್ಲೇಟುಗಳ ಮೇಲೆ ಸಣ್ಣ ಪೆನ್ಸಿಲು ಹಿಡಿದು ಊರಿನವರ ಸಿಡುಬಿನ ಕಲೆ ಅಳಿಸುವವಳು ನಾನೇ ಎಂದು ಅವನಿಗೆ ಗೊತ್ತು. ಅರ್ಧ ಮೂಡಿಗೆರೆಯ ಅಂದ ನನ್ನ ಕೈಯದು.

"ಏನು ಬರೀತಿ ಖುರ್ಷೀದಾ? ಮತ್ತೆ ಹಂಸಾನಾ?"

"ಬೊಂಬಾಯಿ."

ಚಿಕ್ಕಪ್ಪನ ಮಗ ಉಮರ್ ಫಾರೂಕ್ ಬೊಂಬಾಯಿಯಲ್ಲಿ ಒಬ್ಬ ಸೇಠನ ಕಾರು ಓಡಿಸುತ್ತಾನೆ. ಹೋದ ವರ್ಷ ಒಂದು ಚಿತ್ರದ ಕಾರ್ಡು ಕಳಿಸಿದ್ದ. ಯಾವುದೋ ಬಲು ಎತ್ತರದ ಮನೆಯ ಬಾಲ್ಕನಿಯಿಂದ ತೆಗೆದದ್ದು. ಮುಂದೆ ಕಟ್ಟಡಗಳು, ಕಟ್ಟಡದ ಹಿಂದೆ ಕಟ್ಟಡಗಳು, ಅಂಚಿನಲ್ಲಿ ಸಮುದ್ರ. 'ನಾನಿರುವುದು ಇಲ್ಲೇ, ಏಳು ಮಹಡಿಯ ಮನೆ' ಎಂದು ಬರೆದಿದ್ದ. ಅಮ್ಮಿ ಅವನಿಗೂ ನನಗೂ ಮದುವೆಯ ಮಾತು ತೆಗೆದಾಗ ನಾನು ಹುಡುಗ ಹೇಗಿದ್ದಾನೆ ಎಂದು ಕೇಳಲಿಲ್ಲ. ಇರುವುದು ಎಷ್ಟನೇ ಮಹಡಿ ಎಂದು ಕೇಳಿದೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವುದು ಯಾಕೆಂದರೆ ಅಮ್ಮಿಗೆ ಕನ್ನಡ ಓದಲು ಬಾರದು, ಭಾಯಿಗೆ ಓದುವ ಚಟವಿಲ್ಲ. ಮನೆಯಲ್ಲಿ ಉರ್ದುವಿನಲ್ಲಿ ತಿಂದ ಬೈಗುಳವನ್ನು ಕನ್ನಡಕ್ಕೆ ಇಳಿಸುವಾಗ ಅರ್ಧ ಖಾರ ಇಳಿದುಹೋಗುತ್ತದೆ. ಅದೂ ಒಳ್ಳೆಯದೇ.

ಡಿಸೆಂಬರ್ 14

ಮಂಜರಪಾಟು ಬಟ್ಟೆ, ಗಂಜಿ, ಸುಣ್ಣ, ದೀಪದ ಮಸಿ. ಇಷ್ಟೇ ಬೊಂಬಾಯಿ. ಒರಟು ಬಟ್ಟೆಗೆ ಗಂಜಿಯಲ್ಲಿ ಕಲಸಿದ ಸುಣ್ಣ ಬಳಿದು, ಒಣಗಿದ ಮೇಲೆ ಮಸಿಯಲ್ಲಿ ಬರೆಯುವುದು. ಫೋಟೋದಲ್ಲಿ ಬಣ್ಣ ಹೇಗೂ ಬರುವುದಿಲ್ಲ.

ನಡುಮನೆಯ ಗೋಡೆಗೆ ಬಟ್ಟೆ ಬಿಗಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆಯುತ್ತೇನೆ. ಎದುರಿಗೆ ಬಾಲ್ಕನಿಯ ಕಬ್ಬಿಣದ ರೈಲಿಂಗ್ ಬರೆದೆ. ಅದರಾಚೆ ಕಟ್ಟಡಗಳನ್ನು ಏಳಿಸುತ್ತಿದ್ದೇನೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಯಾವ ಮಹಾರಾಜನೂ ಇಷ್ಟು ಬೇಗ ಊರು ಕಟ್ಟಿರಲಾರ.

ಒಂದು ಕಡೆ ಸಿಕ್ಕಿಬಿದ್ದೆ. ಕಾರ್ಡಿನಲ್ಲಿ ಕಟ್ಟಡಗಳ ನೆತ್ತಿ ಚಪ್ಪಟೆ. ಹೆಂಚಿಲ್ಲ, ಇಳಿಜಾರಿಲ್ಲ. ಅಷ್ಟು ಅಗಲದ ಜಾಗ ಆಕಾಶಕ್ಕೆ ಬಿಟ್ಟುಕೊಂಡು ಏನು ಮಾಡುತ್ತಾರೆ? ಅಮ್ಮಿಯನ್ನು ಕೇಳಿದೆ.

"ಒಣಗಿಸೋಕೆ," ಅಂದಳು.

"ಏನನ್ನ?"

"ಇನ್ನೇನನ್ನ? ಕಾಫಿ."

ಅಲ್ಲವೇ ಮತ್ತೆ. ಚಪ್ಪಟೆ ಜಾಗ ಅಂದರೆ ಕಣ. ಎಲ್ಲ ಕಟ್ಟಡಗಳ ಮೇಲೂ ಕಾಫಿ ಹರವಿದೆ. ಒಂದರ ಮೇಲೆ ಹಲಿಗೆ ಹಿಡಿದು ಕಾಫಿ ಎಳೆಯುವ ಹೆಂಗಸನ್ನೂ ನಿಲ್ಲಿಸಿದೆ, ಎಳ್ಳುಕಾಳಿನಷ್ಟು.

ಡಿಸೆಂಬರ್ 22

ತೂಗುಹಾಕಿದೆವು! ಸ್ಟುಡಿಯೋಕ್ಕೂ ಮನೆಗೂ ನಡುವೆ ಬಾಗಿಲಿದೆಯಲ್ಲ, ಅದರ ಮುಂದೆಯೇ. ಅಮ್ಮಿ ಬಂದು ನೋಡಿ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ಬಿದ್ದುಗಿದ್ದೀಯ ಅಂದಳು. ಆಮೇಲೆ ತನಗೇ ನಾಚಿಕೆಯಾಗಿ ಅಡಿಗೆಮನೆಗೆ ಹೋದಳು. ನಾನು ರೈಲಿಂಗಿನ ಹತ್ತಿರ ಹೋಗಿ ಕೂತೆ. ನಿಜವಾಗಿ ತಲೆ ಸುತ್ತಿತು. ನಾನೇ ಬರೆದ ಮಸಿ ಅದು, ಆದರೂ ಸುತ್ತಿತು.

ಇನ್ನೊಂದು ಕೆಲಸ ಮಾಡಿದ್ದೇನೆ. ಎಡಗಡೆಯ ಮೂರನೇ ಕಟ್ಟಡದ ಒಂದು ಕಿಟಕಿಯನ್ನು ಕತ್ತರಿಯಿಂದ ಕತ್ತರಿಸಿದ್ದೇನೆ, ಒಂದು ಕಣ್ಣಿನಷ್ಟು. ಗಿರಾಕಿಗಳಿದ್ದಾಗ ನಾನು ಸ್ಟುಡಿಯೋಕ್ಕೆ ಬರುವಂತಿಲ್ಲ. ಬರುವುದಿಲ್ಲ. ಬೊಂಬಾಯಿಯ ನನ್ನ ಮನೆಯಲ್ಲಿ ನಾನಿರುತ್ತೇನೆ. ಕಿಟಕಿಯಿಂದ ನೋಡಿದರೆ ಯಾರ ಅಪ್ಪನ ಗಂಟು ಹೋಯಿತು?

1939 ಜನವರಿ 4

ನಗು ತಡೆಯಲು ಬಾಯಿಗೆ ದುಪಟ್ಟಾ ತುರುಕಿಕೊಂಡಿದ್ದೆ.

ಮೊದಲ ಗಿರಾಕಿ ಪರಮೇಶ್ವರಪ್ಪ ಸಾವ್ಕಾರ್ರು, ನಮ್ಮ ಅಂಗಡಿಯ ಮತ್ತು ಈ ಸಾಲಿನ ಎಲ್ಲ ಅಂಗಡಿಗಳ ಯಜಮಾನರು, ಬಾಳೂರು ಕಡೆ ದೊಡ್ಡ ಎಸ್ಟೇಟಿನವರು. ಜೊತೆಗೆ ಅವರ ಮನೆಯವರು ವಿಶಾಲಾಕ್ಷಮ್ಮ. ನಮ್ಮಲ್ಲಿರುವುದು ಒಂದೇ ಕುರ್ಚಿ. ಯಾರೋ ಬಿಳಿ ದೊರೆ ತೋಟ ಮಾರಿ ಹೋಗುವಾಗ ಹರಾಜಿನಲ್ಲಿ ಅಪ್ಪ ತಂದದ್ದು, ಕೈಗೆ ಸಿಂಹದ ಮುಖ. ಊರಿನ ರಿವಾಜಿನಂತೆ ಗಂಡ ಕೂತರು, ಹೆಂಡತಿ ಪಕ್ಕದಲ್ಲಿ ನಿಂತರು. ಭಾಯಿ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿದವನು ಹಾಗೇ ಹೊರಗೆ ತೆಗೆದ.

ನನಗೂ ಆಗ ಕಂಡಿತು. ನಾನು ನೆಲದ ಮೇಲೆ ಕೂತು ಬರೆದದ್ದಲ್ಲವೇ, ರೈಲಿಂಗ್ ಕೂತವರ ಅಳತೆಗೆ ಬಂದಿದೆ. ಸಾವ್ಕಾರ್ರು ಕುರ್ಚಿಯಲ್ಲಿ ಕೂತು ಬೊಂಬಾಯಿಯನ್ನೇ ಕೊಂಡುಕೊಂಡವರ ಹಾಗೆ ಕಂಡರು. ವಿಶಾಲಾಕ್ಷಮ್ಮನವರಿಗೆ ರೈಲಿಂಗ್ ಮೊಣಕಾಲಿಗೆ ಬಂತು. ಇನ್ನೇನು ಏಳನೇ ಮಹಡಿಯಿಂದ ಹಾರಿ ಪ್ರಾಣ ಬಿಡುತ್ತಾರೆ ಅನ್ನುವ ಹಾಗೆ.

ಭಾಯಿ ಬೆವರುತ್ತ, ಅಮ್ಮನವರಿಗೂ ಒಂದು ಸ್ಟೂಲು ಹಾಕುತ್ತೇನೆ ಅಂದ. ಸಾವ್ಕಾರ್ರು ಹುಬ್ಬು ಗಂಟಿಕ್ಕಿದರು. ವಿಶಾಲಾಕ್ಷಮ್ಮನವರು ಗಂಡ ಏನಾದರೂ ಹೇಳುವ ಮೊದಲೇ ಕೂತರು. ಕೂತು, ಸೆರಗು ಸರಿ ಮಾಡಿಕೊಂಡು, ಒಂದು ಸಲ ಹಿಂದಿರುಗಿ ಊರು ನೋಡಿ, ಮೆಲ್ಲಗೆ ಅಂದರು: "ಅಲ್ಲಿಯೂ ಕಾಫಿ ಒಣಗಿಸ್ತಾರಲ್ಲ, ಪಾಪ."

ಜನವರಿ 12

ಊರಿಗೆ ಊರೇ ಬೊಂಬಾಯಿಗೆ ಹೋಗಿ ಬರುತ್ತಿದೆ. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ವಾಪಸು. ತರಕಾರಿ ಅಂಗಡಿಯ ಏಕಾಂತಪ್ಪನವರಿಗೆ ತಲೆ ಸುತ್ತಿ ನೀರು ಕೊಡಬೇಕಾಯಿತು. ಮದುಮಗಳೊಬ್ಬಳು ಕೆಳಗಿನ ಬೀದಿಗೆ ಎಲೆಅಡಿಕೆ ಉಗಿದೇಬಿಡುತ್ತಿದ್ದಳು, ಭಾಯಿ ಪೀಕದಾನಿ ಹಿಡಿದು ಓಡಿದ. ಜಾವಳಿಯ ಅಣ್ಣತಮ್ಮಂದಿರು ಬೊಂಬಾಯಿಯ ಕಾಫಿಗೆ ಬಿಸಿಲು ಸಾಲದು, ಕಪ್ಪಾಗಿದೆ ಎಂದು ಜಗಳವಾಡಿಕೊಂಡರು.

ಎಲ್ಲರನ್ನೂ ಕೂರಿಸುತ್ತಾನೆ ಭಾಯಿ. ನಿಂತರೆ ಬೀಳುವ ಹಾಗೆ ಕಾಣುತ್ತಾರಲ್ಲ, ಬೇರೆ ದಾರಿಯಿಲ್ಲ. ಹೆಂಡತಿಯರು ಕೂರುತ್ತಾರೆ, ಸೊಸೆಯರು ಅತ್ತೆಯ ಎದುರು ಕೂರುತ್ತಾರೆ. ನಾಳೆ ಯಾರು ಕೂರುತ್ತಾರೋ ಎಂದು ನೋಡಲು ಬೆಳಿಗ್ಗೆಯೇ ಕಿಟಕಿಗೆ ಓಡುತ್ತೇನೆ.

ಜನವರಿ 15, ಭಾನುವಾರ

ಸಾವ್ಕಾರ್ರ ಎಸ್ಟೇಟಿನ ಆಳುಗಳು ಬಂದಿದ್ದವು. ಪಾರ್ಚ್‌ಮೆಂಟ್ ಕಾಫಿ ಮೂಟೆಯ ಗಾಡಿಗಳ ಜೊತೆ ಬಂದವು, ಇಳಿಸಿ ಮುಗಿಸಿ ಸ್ಟುಡಿಯೋ ಬಾಗಿಲಲ್ಲಿ ಗುಂಪು ಕಟ್ಟಿದವು. ಅವುಗಳಲ್ಲಿ ಒಂದು ಮುದುಕಿ, ದುಗ್ಗಿ ಅಂತ. ಎಸ್ಟೇಟಿನ ಆಳುಗಳ ಲೈನ್‌ಮನೆಯಲ್ಲಿ ಹುಟ್ಟಿ ಲೈನ್‌ಮನೆಯಲ್ಲೇ ಮುಪ್ಪಾದವಳು. ಬೆನ್ನು ಹಣ್ಣು ತುಂಬಿದ ಕಾಫಿ ಗಿಡದ ಹಾಗೇ ಬಾಗಿದೆ. ಗುಂಪಿನಲ್ಲಿ ಬೇಡ, ತನ್ನೊಬ್ಬಳದೇ ತೆಗೆಯಬೇಕು ಎಂದು ಹಟ.

ಭಾಯಿ ಕುರ್ಚಿ ತೋರಿಸಿದ. ಅದರ ಮೇಲಾ ಎಂದು ಕೇಳಿದಳು. ಅಳತೆ ಹಾಗಿದೆ, ನಿಂತರೆ ಚೆನ್ನಾಗಿ ಬರುವುದಿಲ್ಲ ಅಂದ ಅವನು.

"ಗುಡ್ಡದ ಮೇಲೇ ಹುಟ್ಟಿದ್ದು ಸಾಬ್ರೇ, ಗುಡ್ಡದ ಮೇಲೇ ಬೆನ್ನು ಬಗ್ಗಿದ್ದು," ಅಂದಳು ದುಗ್ಗಿ. "ಎತ್ರದಲ್ಲಿ ಕೂತ್ಕಂಡು ಕೆಳಗೆ ನೋಡಿದ್ದಿಲ್ಲ. ಅದೊಂದು ಫೋಟೋ ಆಗ್ಬೇಕು ನಂಗೆ."

ಕುರ್ಚಿಯ ತುದಿಯಲ್ಲಿ ಕೂತಳು. ಆಮೇಲೆ ಹಿಂದಕ್ಕೆ ಸರಿದಳು. ಆಮೇಲೆ ಸಿಂಹಗಳ ತಲೆ ಮೇಲೆ ಎರಡೂ ಕೈ ಇಟ್ಟಳು. ನನ್ನ ಕಿಟಕಿಯ ಹತ್ತಿರವೇ ಅವಳ ಕಿವಿ. ಮೂರು ಎಣಿಸುವವರೆಗೆ ಅಲುಗಬಾರದು ಎಂದು ಹೇಳಿ ಭಾಯಿ ಕ್ಯಾಮೆರಾದ ಮುಚ್ಚಳ ತೆಗೆದ. ಒಂದು ಅನ್ನುವಷ್ಟರಲ್ಲಿ ಬೀದಿಯಲ್ಲಿ ಆಳುಗಳನ್ನು ದುಡಿಸುವ ಮಂಜಯ್ಯ ಮೇಸ್ತ್ರಿ ಹಾದುಹೋದ. ಒಳಗೆ ನೋಡಲೂ ಇಲ್ಲ. ಅವನ ಕೋಲಿನ ಸದ್ದಷ್ಟೇ. ದುಗ್ಗಿ ತಟಕ್ಕನೆ ಎದ್ದು ನಿಂತಳು.

ಪ್ಲೇಟು ತೊಳೆದರೆ ಇಬ್ಬರು ದುಗ್ಗಿಯರು. ಒಬ್ಬಳು ಕೂತಿದ್ದಾಳೆ, ಹೊಗೆಯಂಥ ಇನ್ನೊಬ್ಬಳು ಅವಳೊಳಗಿಂದ ಎದ್ದು ಕೈ ಕಟ್ಟಿ ನಿಂತಿದ್ದಾಳೆ. ಗಾಡಿ ಹೊರಟುಬಿಟ್ಟಿತ್ತು, ಇನ್ನೊಂದು ತೆಗೆಯಲಾಗಲಿಲ್ಲ. ಮತ್ತೆ ಬರುತ್ತೇನೆ, ನನ್ನದು ಬಾಕಿ ಎಂದು ಹೇಳಿ ಹೋದಳಂತೆ.

ಆಮೇಲೆ ಒದ್ದೆಬಟ್ಟೆಯಲ್ಲಿ ಕುರ್ಚಿ ಒರೆಸಿದೆ. ಧೂಳು ಬಹಳ.

ಜನವರಿ 30

ಉಮರ್ ಬಂದ. ಬಕ್ರೀದ್ ಮುಗಿಸಿ ಒಂದೆರಡು ತಿಂಗಳು ಇರುತ್ತಾನಂತೆ, ಸೇಠ್ ಕುಟುಂಬ ವಿಲಾಯತಿಗೆ ಹೋಗಿದೆ. ಸ್ಟುಡಿಯೋಕ್ಕೆ ಕಾಲಿಟ್ಟವನೇ ಪರದೆ ನೋಡಿ ನಕ್ಕ. ನಕ್ಕ ಅಂದರೆ, ಗೋಡೆ ಹಿಡಿದುಕೊಂಡು ನಕ್ಕ.

"ಮಾರಾಯ ಹಬೀಬ, ಬೊಂಬಾಯಿಯ ತಾರಸಿ ಮೇಲೆ ಯಾರೋ ಕಾಫಿ ಹರವಿದ್ದು?"

ನಾನು ಕಿಟಕಿಯ ಹಿಂದಿದ್ದೆ. ಕೈಗೆ ಸಿಕ್ಕಿದ್ದರೆ ಮಸಿಯ ಕುಡಿಕೆ ತಲೆಗೆ ಹೊಡೆಯುತ್ತಿದ್ದೆ. ಅಲ್ಲಿ ತಾರಸಿ ಮೇಲೆ ಏನೂ ಇಲ್ಲವಂತೆ. ನೀರಿನ ತೊಟ್ಟಿ, ಒಗೆದ ಬಟ್ಟೆ, ಕಾಗೆ. ಅಷ್ಟು ಜಾಗ ಕಾಗೆಗೆ ಬಿಟ್ಟ ಊರನ್ನು ದೊಡ್ಡ ಊರು ಅನ್ನುತ್ತಾರಂತೆ.

ಕಾಫಿ ಅಳಿಸುವುದಿಲ್ಲ. ಬೊಂಬಾಯಿಯವರೇ ಕಲಿಯಲಿ.

ಫೆಬ್ರವರಿ 4

ಉಮರನೂ ಆ ಕುರ್ಚಿಯಲ್ಲಿ ಕೂತು ಒಂದು ಫೋಟೋ ತೆಗೆಸಿಕೊಂಡ. ಫೋಟೋ ಮುಗಿದರೂ ಹಿಂದಿರುಗಿ ಪರದೆ ನೋಡುತ್ತ ಬಹಳ ಹೊತ್ತು ಏಳಲಿಲ್ಲ. ಅಲ್ಲಿ ದಿನಾ ನೋಡುವುದನ್ನೇ ಇಲ್ಲಿ ಏನು ನೋಡುತ್ತೀ ಎಂದು ಭಾಯಿ ಚುಡಾಯಿಸಿದ.

ಆಗ ಬಾಯಿಬಿಟ್ಟ. ಸೇಠನ ಮನೆ ಏಳನೇ ಮಹಡಿ, ನಿಜ. ಇವನು ಮಲಗುವುದು ಕೆಳಗೆ, ಮೆಟ್ಟಿಲಿನ ಅಡಿ, ಕಾರಿನ ಪಕ್ಕ. ಲಿಫ್ಟಿನಲ್ಲಿ ನೌಕರರು ಹತ್ತುವಂತಿಲ್ಲ. ಹಿಂದೆ ಕಬ್ಬಿಣದ ಏಣಿಮೆಟ್ಟಿಲಿದೆ. ಒಂದು ಸಲ ಪೆಟ್ಟಿಗೆ ಹೊತ್ತು ಅದರಲ್ಲಿ ಹತ್ತಿ, ಬಾಲ್ಕನಿಯ ಬಾಗಿಲು ತೆರೆದಿದ್ದಾಗ ಒಂದು ಉಸಿರಿನಷ್ಟು ಹೊತ್ತು ಕಂಡಿತ್ತು ಊರು. ಅಷ್ಟೇ.

"ಇಷ್ಟು ವರ್ಷ ಆ ಊರಿನ ಕಾಲಡಿ ಮಲಗಿದ್ದೀನಿ. ಮೇಲೆ ಕೂತು ನೋಡಿದ್ದು ಇವತ್ತೇ," ಅಂದ. ಅಂದವನು ನನ್ನ ಕಿಟಕಿಯ ಕಡೆಗೇ ನೋಡಿದ. ಅಲ್ಲೊಂದು ಕಣ್ಣಿದೆ ಎಂದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತೇನೋ. ಹಾಳಾದವನು.

ಏಳನೇ ಮಹಡಿ ಹೋಯಿತು. ಅಳು ಬರಬೇಕಿತ್ತು, ಬರಲಿಲ್ಲ. ಹುಡುಗ ಹೇಗಿದ್ದಾನೆ ಎಂದು ಇವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಪರವಾಗಿಲ್ಲ.

ಫೆಬ್ರವರಿ 10

ಮಂಜಯ್ಯ ಮೇಸ್ತ್ರಿ ಹೋಗಿ ಸಾವ್ಕಾರ್ರ ಕಿವಿಗೆ ಊದಿದ್ದಾನೆ. ದುಗ್ಗಿ ಕೂತ ಕುರ್ಚಿಯೂ ಸಾವ್ಕಾರ್ರು ಕೂತ ಕುರ್ಚಿಯೂ ಒಂದೇ ಎಂದು. ಆ ಹೊಗೆಯ ಫೋಟೋವನ್ನು ಭಾಯಿ ಯಾರಿಗೋ ತೋರಿಸಿ ನಕ್ಕಿದ್ದನಂತೆ, ಅಲ್ಲಿಂದ ಸುದ್ದಿ.

ಸಾವ್ಕಾರ್ರು ಇವತ್ತು ಭಾಯಿಯನ್ನು ಮನೆಗೆ ಕರೆಸಿದ್ದರು. ಬೈಯಲಿಲ್ಲವಂತೆ. ಅದೇ ಹೆದರಿಕೆ. ಒಂದೇ ಮಾತು ಹೇಳಿದರಂತೆ: ಪರದೆಯಲ್ಲಿ ಆ ರೈಲಿಂಗನ್ನು ಒಂದು ಮೊಳ ಎತ್ತರಿಸಿ ಬರೆಸು. ಆಗ ಆಳುಗಳು ನಿಂತೇ ತೆಗೆಸಿಕೊಳ್ಳಬಹುದು. ನಿನಗೆ ಗಿರಾಕಿಯೂ ತಪ್ಪದು, ನನಗೆ ಮರ್ಯಾದೆಯೂ ತಪ್ಪದು. ಎರಡು ದಿನ ಬಿಟ್ಟು ಬಂದು ನೋಡುತ್ತೇನೆ. ಇಲ್ಲದಿದ್ದರೆ ಅಂಗಡಿ ಖಾಲಿ ಮಾಡು.

ಲೈನ್‌ಮನೆಗಳಲ್ಲೂ ಮಂಜಯ್ಯ ಸಾರಿದ್ದಾನಂತೆ: ಮೂಡಿಗೆರೆಯಲ್ಲಿ ಕುರ್ಚಿ ಮೇಲೆ ಕೂತವರು ಬಾಳೂರಿನಲ್ಲಿ ಕೆಲಸಕ್ಕೆ ಬರಬೇಕಾಗಿಲ್ಲ.

ಭಾಯಿ ಮಸಿ ಕಲಸಿ ತಂದು ನನ್ನ ಮುಂದಿಟ್ಟ. ಒಂದು ಮೊಳ ತಾನೇ ಖುರ್ಷೀದಾ ಅಂದ. ಒಂದು ಗೀಟು ತಾನೇ.

ಫೆಬ್ರವರಿ 11

ಒಂದು ಗೀಟೇ. ನಿಂತರೆ ನಿಲ್ಲುತ್ತಾರೆ, ಹುಟ್ಟಿದಾಗಿನಿಂದ ನಿಂತಿದ್ದಾರೆ, ಫೋಟೋದಲ್ಲೂ ನಿಲ್ಲಲಿ, ಇದರಲ್ಲಿ ನನ್ನ ಗಂಟೇನು ಹೋಗುತ್ತದೆ ಎಂದು ಬ್ರಷ್ ಅದ್ದಿದೆ. ಕೈ ಎತ್ತಿದರೆ ದುಗ್ಗಮ್ಮ ಹಿಂದಕ್ಕೆ ಸರಿದು ಸಿಂಹಗಳ ತಲೆ ಮೇಲೆ ಕೈ ಇಟ್ಟದ್ದು ನೆನಪಾಗುತ್ತದೆ.

ಬ್ರಷ್ ಒಣಗಿತು. ಮತ್ತೆ ಅದ್ದಿದೆ. ಮತ್ತೆ ಒಣಗಿತು.

ಅಮ್ಮಿ ಊಟಕ್ಕೆ ಕರೆದಳು. ಚೆನ್ನಾಗಿ ಉಂಡೆ. ಆಶ್ಚರ್ಯ.

ಫೆಬ್ರವರಿ 13

ನಾನು ಮಾತಾಡಬೇಕೆಂದಿರಲಿಲ್ಲ. ಬಾಯಿ ತಾನಾಗಿ ಮಾತಾಡಿತು. ಈಗ ನಗು ಬರುತ್ತಿದೆ, ಅಕ್ಷರಗಳು ಅಂಕುಡೊಂಕಾಗುತ್ತಿವೆ.

ಸಾವ್ಕಾರ್ರು ಬಂದು ಕುರ್ಚಿಯಲ್ಲಿ ಕೂರಲಿಲ್ಲ. ಅದನ್ನು ಕೊಡೆಯ ತುದಿಯಿಂದ ಮುಟ್ಟಿ ಆಚೆ ಸರಿಸಿದರು. ಪರದೆ ನೋಡಿದರು. ರೈಲಿಂಗ್ ಇದ್ದಲ್ಲೇ ಇದೆ. ಯಾಕೆ ಎಂದು ಕೇಳಿದರು. ಭಾಯಿ ಬಣ್ಣ ಮುಗಿದಿದೆ ಅಂದ. ಮಸಿ ಮುಗಿಯುವುದುಂಟೇನೋ ಎಂದು ಅವರು ಕೇಳಿದರು. ಭಾಯಿ ಕುತ್ತಿಗೆ ಕೆಳಗೆ ಹಾಕಿದ. ಆಗ ಬೊಂಬಾಯಿ ಮಾತಾಡಿತು:

"ರೈಲಿಂಗ್ ಎತ್ತರಿಸಲ್ಲ, ಸಾವ್ಕಾರ್ರೇ."

ಅವರು ಎಡಗಡೆ ನೋಡಿದರು, ಬಲಗಡೆ ನೋಡಿದರು, ಮೇಲೆ ನೋಡಿದರು. ಕಟ್ಟಡಗಳ ಮೇಲೆ ಕಾಫಿ ಹರವುವ ಹೆಂಗಸನ್ನೂ ನೋಡಿದರು.

"ಯಾರದು?"

"ಬರೆದವಳು. ನಿಮ್ಮ ಮನೆಯವರು ನಿಂತಾಗ ಬೀಳುವ ಹಾಗೆ ಕಂಡರು, ಕೂತ ಮೇಲೆ ಚೆನ್ನಾಗಿ ಬಂತು. ದುಗ್ಗಮ್ಮ ನಿಂತರೂ ಬೀಳುವ ಹಾಗೇ ಕಾಣೋದು."

"ಬಿದ್ದರೆ ಬೀಳಲಿ," ಅಂದರು ಅವರು. ಮೆಲ್ಲಗೆ, ಬಿಸಿಲು ಹೆಚ್ಚಾಯಿತು ಅನ್ನುವ ಹಾಗೆ. "ನಿಂಗೇನಮ್ಮ?"

ಈ ಊರಿನಲ್ಲಿ ಕುರ್ಚಿಗೂ ಜಾತಿ ಇದೆ, ನಿಲ್ಲುವುದಕ್ಕೂ ಇದೆ, ಬೀಳುವುದಕ್ಕೂ ಇದೆ ಎಂದು ಇವತ್ತೇ ಗೊತ್ತಾದವಳ ಹಾಗೆ ನಾನು ಕಿಟಕಿಗೆ ಮುಖ ಒತ್ತಿದೆ. ಆಮೇಲೆ ಅಂದೆ: "ನನ್ನ ಮಹಡಿಯಿಂದ ಯಾರೂ ಬೀಳೋದಿಲ್ಲ."

ಅವರು ಹೋದ ಮೇಲೆ ಭಾಯಿ ನನ್ನನ್ನು ಹೊಡೆಯುತ್ತಾನೆ ಅಂದುಕೊಂಡೆ. ಅವನು ಕಿಟಕಿಯ ಹತ್ತಿರ ಬಂದು, ನನ್ನ ಕಣ್ಣಿಗೆ ತನ್ನ ಕಣ್ಣು ಹಚ್ಚಿ, ನಿನ್ನ ಮಹಡಿ, ಹಾಂ ಅಂದ. ಇಬ್ಬರೂ ನಕ್ಕೆವು. ಅಮ್ಮಿ ಇಬ್ಬರಿಗೂ ಬೈದಳು, ಆಮೇಲೆ ಪಾತ್ರೆಪಗಡ ಕಟ್ಟಲು ಶುರು ಮಾಡಿದಳು.

ಫೆಬ್ರವರಿ 14

ಅಂಗಡಿಗೆ ಬೀಗ ಬಿತ್ತು. ಸಾವ್ಕಾರ್ರ ಕಡೆಯವರು ಕುರ್ಚಿಯನ್ನು ಬೀದಿಗೆ ಹಾಕಿ ಸುಟ್ಟರು. ಸಿಂಹಗಳು ಕೊನೆಗೆ ಉರಿದವು.

ಫೆಬ್ರವರಿ 26

ಚಿಕ್ಕಪ್ಪನ ಮನೆಯ ಹಿಂದಿನ ಕೋಣೆಯಲ್ಲಿದ್ದೇವೆ. ಬೊಂಬಾಯಿ ಸುರುಳಿ ಸುತ್ತಿಕೊಂಡು ನನ್ನ ಹಾಸಿಗೆಯ ಪಕ್ಕದಲ್ಲೇ ಮಲಗುತ್ತದೆ. ಭಾಯಿಗೆ ಚಿಕ್ಕಮಗಳೂರಿಗೆ ಹೋಗಿ ಯಾರದಾದರೂ ಕೈಕೆಳಗೆ ಸೇರುವ ಯೋಚನೆ.

ಇವತ್ತು ಹಿತ್ತಲ ಬಾಗಿಲಿಗೆ ದುಗ್ಗಮ್ಮ ಬಂದರು. ಭಾನುವಾರ, ಗಾಡಿಯ ಜೊತೆ ಬಂದದ್ದಂತೆ. ಒಳಗೆ ಬನ್ನಿ ಅಂದೆ. ಬರಲಿಲ್ಲ. ನಾನೇ ಹೊಸಿಲಾಚೆ ಹೋಗಿ ಪಕ್ಕದಲ್ಲಿ ಕೂತೆ. ನನ್ನ ಮುಖ ನೋಡಿ, ಗೋಡೆಯೊಳಗಿಂದ ಮಾತಾಡಿದ ಬೀಬಮ್ಮ ನೀವೇನಾ ಎಂದು ಕೇಳಿದರು. ಲೈನ್‌ಮನೆಯಲ್ಲೆಲ್ಲ ಅದೇ ಕಥೆಯಂತೆ, ಸಾವ್ಕಾರ್ರಿಗೆ ಬೊಂಬಾಯಿ ಬೈದ ಕಥೆ.

ತಮ್ಮಿಂದ ಅಂಗಡಿ ಹೋಯಿತು ಎಂದು ನಾವು ಅಂದುಕೊಂಡಿದ್ದೇವೋ ಎಂದು ನೋಡಲು ಬಂದವರಿರಬೇಕು. ಮಡಿಲಿನಿಂದ ಎಲೆಅಡಿಕೆ ತೆಗೆದು ಅಂದರು:

"ನನ್ನ ಫೋಟೋ ಬಾಕಿ ಐತೆ, ಬೀಬಮ್ಮ."

"ಕೂತರೆ ಕೆಲಸ ಹೋಗುತ್ತಂತಲ್ಲ?"

"ಹೋಗ್ಲಿ ಅಂತ ಅನ್ನೋಕೆ ನಂಗೇನು ತೋಟ ಐತಾ? ಹೆದರಿಕೆ ಆಗ್ತದೆ." ಎಲೆಗೆ ಸುಣ್ಣ ಹಚ್ಚಿ ಮಡಚಿದರು. "ಆದ್ರೆ ಅವತ್ತು ಯಾರೂ ಏಳು ಅನ್ಲಿಲ್ಲ. ಕೋಲಿನ ಸದ್ದಿಗೇ ಎದ್ಬಿಟ್ಟೆ. ಅದಕ್ಕೇ ಹೊಟ್ಟೆ ಉರೀತದೆ."

ಮಡಚಿದ ಎಲೆಯನ್ನು ಮುರಿದು ಅರ್ಧ ನನಗೆ ಕೊಟ್ಟರು. ಬಾಯಿ ಕೆಂಪಾಯಿತು ಎಂದು ಅಮ್ಮಿ ಬೈದಳು.

ಮಾರ್ಚ್ 9

ಎಲ್ಲರಿಗೂ ಹುಚ್ಚು ಹಿಡಿದಿದೆ. ನನಗೆ ಮೊದಲು, ಆಮೇಲೆ ಉಮರನಿಗೆ, ಕೊನೆಗೆ ಭಾಯಿಗೆ.

ದುಗ್ಗಮ್ಮ ಮೂಡಿಗೆರೆಗೆ ಬಂದು ಕೂರುವಂತಿಲ್ಲ ಅಂದರೆ ಬೊಂಬಾಯಿಯೇ ಬಾಳೂರಿಗೆ ಹೋಗಲಿ. ಬಸ್ಸು ನಿಲ್ಲುವಲ್ಲಿ ದೊಡ್ಡ ಹಲಸಿನ ಮರವಿದೆ, ಸರ್ಕಾರದ ರಸ್ತೆ ಬದಿ, ಯಾವ ಸಾವ್ಕಾರನ ಅಪ್ಪನದೂ ಅಲ್ಲ. ಉಮರ್ ಈಗ ಸ್ನೇಹಿತನ ಬದಲಿಗೆ ಕಳಸದ ಬಸ್ಸು ಓಡಿಸುತ್ತಿದ್ದಾನೆ. ಭಾನುವಾರ ನಮ್ಮನ್ನು ಬಾಳೂರಿನಲ್ಲಿ ಇಳಿಸಿ, ಬಸ್ಸನ್ನು ಒಂದಿಷ್ಟು ಹೊತ್ತು 'ಕೆಡಿಸಿ' ನಿಲ್ಲಿಸುತ್ತಾನಂತೆ.

ಕುರ್ಚಿ ಎಲ್ಲಿ ಎಂದು ಭಾಯಿ ಕೇಳಿದ. ಅದಕ್ಕೂ ಉಮರನ ಹತ್ತಿರ ಉತ್ತರವಿತ್ತು. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟು ಫಸ್ಟ್ ಕ್ಲಾಸ್. ಅಲ್ಲಿ ಎಸ್ಟೇಟ್ ಯಜಮಾನರು ಬಿಟ್ಟರೆ ಯಾರೂ ಕೂರುವಂತಿಲ್ಲ, ಖಾಲಿ ಇದ್ದರೂ. ಕೆಳಗೆ ಸ್ಪ್ರಿಂಗು, ಮೇಲೆ ಚರ್ಮ. ಎರಡು ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತದೆ.

ಅಮ್ಮಿ ಹೇಳಿದ್ದು ಒಂದೇ: ಹುಡುಗಿ ತಲೆ ಮುಚ್ಚಿಕೊಂಡಿರಬೇಕು. ಭಾಯಿ ಅಂದ, ಕ್ಯಾಮೆರಾದ ಕರಿಬಟ್ಟೆಗಿಂತ ದಪ್ಪದ್ದು ಎಲ್ಲಿ ಸಿಗುತ್ತೆ ಅಮ್ಮಿ?

ಮಾರ್ಚ್ 12, ಭಾನುವಾರ

ಹೂಮಳೆಯಾಗಿ ಒಂಬತ್ತು ಹತ್ತು ದಿನ ಕಳೆದಿದೆ. ಕೊಟ್ಟಿಗೆಹಾರ ದಾಟಿದ ಮೇಲೆ ದಾರಿಯ ಎರಡೂ ಕಡೆ ಕಾಫಿ ಹೂ ಬಿಟ್ಟು ಬೆಳ್ಳಗೆ ನೊರೆ. ಬಸ್ಸಿನ ಮೇಲೆ ಬೊಂಬಾಯಿ, ಒಳಗೆ ನಾವು. ಫಸ್ಟ್ ಕ್ಲಾಸ್ ಸೀಟಿನಲ್ಲಿ ಅಮ್ಮಿ ಕೂತಿದ್ದಳು. ಪ್ರತಿ ತಿರುವಿಗೂ ಸ್ಪ್ರಿಂಗಿನಿಂದ ಒಂದು ಗೇಣು ಹಾರಿ, ಸಾವ್ಕಾರ್ರು ಇಷ್ಟು ಕಷ್ಟ ಯಾಕೆ ಪಡುತ್ತಾರೋ ಎಂದು ಶಾಪ ಹಾಕುತ್ತಿದ್ದಳು.

ಉಮರ್ ಸೀಟು ಬಿಚ್ಚಿ ಮರದ ಕೆಳಗಿಟ್ಟ. ಹಲಸಿನ ಕೊಂಬೆಗೆ ಪರದೆ ಕಟ್ಟುವಷ್ಟರಲ್ಲಿ ಲೈನ್‌ಮನೆಯವರೆಲ್ಲ ಇಳಿದು ಬಂದಿದ್ದರು. ಯಾರೂ ಹತ್ತಿರ ಬರಲಿಲ್ಲ. ರಸ್ತೆಯಾಚೆ ದಿಬ್ಬದ ಮೇಲೆ ಕೂತು ನೋಡುತ್ತಿದ್ದರು. ಗಾಳಿ ಬೀಸಿದಾಗ ಕಟ್ಟಡಗಳೆಲ್ಲ ಒಟ್ಟಿಗೆ ಹೊಟ್ಟೆ ಉಬ್ಬಿಸುತ್ತಿದ್ದವು. ಮಕ್ಕಳು ಕಿರುಚಿದವು.

ದುಗ್ಗಮ್ಮ ಒಬ್ಬರೇ ರಸ್ತೆ ದಾಟಿ ಬಂದರು. ತೊಳೆದ ಸೀರೆ, ಮುಡಿಯಲ್ಲಿ ಒಂದು ಗೊಂಚಲು ಕಾಫಿ ಹೂ. ಮೊದಲು ಮಡಕೆಯಿಂದ ಕರಟಕ್ಕೆ ಬೆಲ್ಲದ ಕಾಫಿ ಬಗ್ಗಿಸಿ ಕೊಟ್ಟರು. ಕುಡಿದೆ. ಇನ್ನೊಂದು ಕರಟ ಕೇಳಿ ಕುಡಿದೆ, ಅಷ್ಟು ಚೆನ್ನಾಗಿತ್ತು. ಆಮೇಲೆ ಅವರು ಸೀಟಿನ ಮೇಲೆ ಕೂತರು. ಸ್ಪ್ರಿಂಗು ಕೀಚ್ ಅಂದಿತು. ಮೇಲೆ ಹಾರಿದರು. ದಿಬ್ಬದ ಮೇಲಿನವರೆಲ್ಲ ನಕ್ಕರು, ದುಗ್ಗಮ್ಮನೂ ನಕ್ಕರು.

ಭಾಯಿ ಹೆದರಿ ಎಸ್ಟೇಟಿನ ದಾರಿಯನ್ನೇ ನೋಡುತ್ತಿದ್ದ, ಅವನಿಂದ ಪ್ಲೇಟು ಹಾಕಲಾಗಲಿಲ್ಲ. ನಾನು ಕರಿಬಟ್ಟೆಯೊಳಗೆ ಹೋದೆ. ಒಳಗೆ ಗಾಜಿನ ಮೇಲೆ ಎಲ್ಲ ತಲೆಕೆಳಗು: ಮೇಲೆ ದುಗ್ಗಮ್ಮ, ಅವರ ಕೆಳಗೆ ಬೊಂಬಾಯಿ ನೇತಾಡುತ್ತಿದೆ. ಪ್ಲೇಟು ಹಾಕಿದೆ. ಹೊರಗೆ ಬಂದು ಮುಚ್ಚಳ ಹಿಡಿದೆ. ಅಲುಗಬೇಡಿ ಅಂದೆ.

ಆಗ ಕಾರಿನ ಸದ್ದು.

ಸಾವ್ಕಾರ್ರ ಕಾರು ಬಸ್ಸಿನ ಹಿಂದೆ ನಿಂತಿತು. ಮಂಜಯ್ಯ ಮೊದಲು ಇಳಿದ, ಕೋಲು ಕುಟ್ಟಿದ. ದಿಬ್ಬದ ಮೇಲೆ ಕೂತಿದ್ದವರೆಲ್ಲ ಒಂದೇ ಸಲಕ್ಕೆ ಎದ್ದರು. ಹಕ್ಕಿಹಿಂಡು ಎದ್ದ ಹಾಗೆ. ನಾನು ನಿಲ್ಲಿಸಬಹುದಿತ್ತು. ದುಗ್ಗಮ್ಮನ ಕಡೆ ನೋಡಿದೆ. ಅವರು ಕ್ಯಾಮೆರಾವನ್ನೇ ನೋಡುತ್ತಿದ್ದರು. ಕಣ್ಣಿನಲ್ಲಿ ನೀರು ತುಂಬಿತ್ತು, ಹೆದರಿಕೆಯದು. ತುಟಿ ಅಲುಗಿಸದೆ ಅಂದರು:

"ತೆಗೀರಿ ಬೀಬಮ್ಮ."

ಮುಚ್ಚಳ ತೆಗೆದೆ. ಒಂದು ಅಂದೆ.

"ಏಳೇ," ಅಂದರು ಸಾವ್ಕಾರ್ರು.

ಎರಡು.

ಘಾಟಿಯ ಕಡೆಯಿಂದ ಗಾಳಿ ಬಂತು. ಪರದೆ ಪಟಪಟ ಬಡಿಯಿತು, ಒಂದು ಕಡೆಯ ಹಗ್ಗ ಹರಿಯಿತು. ಮಂಜಯ್ಯ ಇನ್ನೊಮ್ಮೆ ಕೋಲು ಕುಟ್ಟಿದ. ಸಾವ್ಕಾರ್ರು ಇನ್ನೊಮ್ಮೆ, ಈ ಸಲ ಹೆಸರು ಹಿಡಿದು, ಏಳು ಅಂದರು.

ಮೂರು. ಮುಚ್ಚಿದೆ.

ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಅವರು ದುಗ್ಗಮ್ಮನಿಗೆ ಹೇಳಿದರು. ಸರಿ ಅಯ್ಯಾ ಅಂದರು ದುಗ್ಗಮ್ಮ, ಕೂತೇ. ಆಮೇಲೆ ಎದ್ದು, ಸೀಟನ್ನು ಸೆರಗಿನಿಂದ ಒರೆಸಲು ಬಗ್ಗಿದರು. ಒರೆಸಬೇಡಿ ಅಂದೆ. ಅಷ್ಟರಲ್ಲಿ ದಿಬ್ಬದಿಂದ ಒಬ್ಬ ಹೆಂಗಸು ಮಗು ಎತ್ತಿಕೊಂಡು ಇಳಿದು ಬಂದು, ಯಾರನ್ನೂ ಕೇಳದೆ ಕೂತಳು. ಅವಳ ಹಿಂದೆ ಗಂಡ. ಅವನ ಹಿಂದೆ ಸಾಲು. ಸಾವ್ಕಾರ್ರು ಒಂದೊಂದೇ ಮುಖ ನೋಡಿದರು. ಇನ್ನೇನು ಗಿಡ ಸವರುವ ಕಾಲ, ಇಷ್ಟೂ ಜನಕ್ಕೆ ಬರಬೇಡಿ ಅಂದರೆ ಕತ್ತಿ ಹಿಡಿಯುವವರು ಯಾರು? ಕಾರು ಹತ್ತಿದರು. ಬಸ್ಸು ಅಡ್ಡ ಇತ್ತು. ಸ್ವಲ್ಪ ಸರಿಸು ಎಂದು ಉಮರನಿಗೆ ಹೇಳಿ ಕಳಿಸಬೇಕಾಯಿತು. ಕೆಟ್ಟಿದೆ ಅಂದ ಉಮರ್.

ನಮ್ಮ ಹತ್ತಿರ ಇದ್ದ ಪ್ಲೇಟು ಬೇಗ ಮುಗಿಯಿತು. ಮುಗಿಯಿತು ಎಂದು ಭಾಯಿ ಕೂಗಿ ಹೇಳಿದ. ಸಾಲು ಕರಗಲಿಲ್ಲ. ಫೋಟೋ ಇಲ್ಲದಿದ್ದರೆ ಬೇಡ ಎಂದು ಒಬ್ಬೊಬ್ಬರೇ ಬಂದು ಕೂತು, ಒಂದು ಸಲ ಹಾರಿ, ಕೆಳಗೆ ಬೊಂಬಾಯಿ ನೋಡಿ, ಎದ್ದು ಹೋದರು.

ದುಗ್ಗಮ್ಮ ನಮ್ಮ ಜೊತೆಯೇ ಬಸ್ಸಿನಲ್ಲಿ ಬಂದಿದ್ದಾರೆ. ನಾಳೆಯದು ನಾಳೆ. ಅಮ್ಮಿಯ ಪಕ್ಕದಲ್ಲಿ ಮಲಗಿ ಇಬ್ಬರೂ ಯಾವುದೋ ಸೊಂಟನೋವಿನ ಎಣ್ಣೆಯ ಬಗ್ಗೆ ವಾದ ಮಾಡುತ್ತಿದ್ದಾರೆ.

ಕರಿಬಟ್ಟೆಯಿಂದ ಹೊರಗೆ ಬಂದಾಗ ದುಪಟ್ಟಾ ತಲೆಯ ಮೇಲಿತ್ತಾ ಎಂದು ಅಮ್ಮಿ ಕೇಳಿದಳು. ನೆನಪಿಲ್ಲ.

ಮಾರ್ಚ್ 13

ಪ್ಲೇಟು ತೊಳೆದೆವು.

ಭಾಯಿ ನೋಡಿ, ಕೆಟ್ಟಿತು ಅಂದ. ಗಾಳಿಗೆ ಕಟ್ಟಡಗಳು ಒಂದರೊಳಗೊಂದು ಹೊಕ್ಕಿವೆ. ಸಮುದ್ರ ಆಕಾಶಕ್ಕೆ ಸೇರಿದೆ, ಕಾಫಿ ಎಲ್ಲ ಕಣದಿಂದ ಹಾರಿಹೋಗಿದೆ. ಹರಿದ ಹಗ್ಗದ ಕಡೆ ಪರದೆ ಜಾರಿ, ಅದರ ಮೇಲೆ ನಮ್ಮ ಗುಡ್ಡ ಕಾಣುತ್ತಿದೆ. ಒಂದಂಚಿನಲ್ಲಿ ಕೋಲು ಎತ್ತಿದ ಮಂಜಯ್ಯನೋ ಏನೋ, ಬರೀ ಹೊಗೆ.

ಇದಕ್ಕೆ ಪೆನ್ಸಿಲು ಮುಟ್ಟಿಸುವುದಿಲ್ಲ ಅಂದೆ. ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದೆ. ಉಮರ್ ನೋಡಿದ, ಅಮ್ಮಿ ನೋಡಿದಳು, ದುಗ್ಗಮ್ಮ ಬಹಳ ಹೊತ್ತು ನೋಡಿದರು.

ಬೊಂಬಾಯಿ ಪೂರ್ತಿ ಅಲುಗಿಹೋಗಿದೆ. ದುಗ್ಗಮ್ಮ ಅಲುಗಿಲ್ಲ.